ಬೆಟ್ಟಕ್ಕೆ ಹೊರಬೇಕಾದ ಭಾರ

ರಾಯದುರ್ಗ,
17ನೇ ಜುಲೈ 1938

ಚಿರಂಜೀವಿ ಹುಲುಗಪ್ಪನಿಗೆ ನಿಮ್ಮಪ್ಪನ ಆಶೀರ್ವಾದ.

ಹೇಗಿದ್ದೀಯ ಮಗನೇ? ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು ಬರುತ್ತದೆಯೇ? ಮಡಕಶಿರಾದ ನೀರು ಒಗ್ಗಿತೇ? ನಮ್ಮ ಕಡೆ ಹೇಳುವಂಥ ಸುಖವೇನಿಲ್ಲ. ಮಳೆ ನಾಲ್ಕು ಹನಿ ಹಾಕಿ ಹೋಯಿತು. ನಿಮ್ಮವ್ವ ಗೋಡೆ ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಹಸಿವು ಮಾತ್ರ ಸತ್ತಿದೆ ಅನ್ನುತ್ತಾಳೆ. ಆಷಾಢದ ಗಾಳಿ ಇರಬೇಕು ಎಂದು ನಾನೂ ಸುಮ್ಮನಿದ್ದೇನೆ.

ನಿನ್ನ ಕಾಗದ ಬಂತು. ಕಂದಾಯದ ಲೆಕ್ಕ ಒಪ್ಪಿಸುವ ಜಮಾಬಂದಿ ಹತ್ತಿರ ಬಂದಿದೆ, ತಾಲ್ಲೂಕು ಕಚೇರಿಯಲ್ಲಿ ಬೆಳಗಿನಿಂದ ದೀಪ ಹಚ್ಚುವವರೆಗೂ ಕೂತೇ ಇರಬೇಕು, ಸಾಮು ಮಾಡಲು ಹೊತ್ತಿಲ್ಲ ಎಂದು ಬರೆದಿದ್ದೀಯ. ಕೋಳಿ ಕೂಗುವ ಮೊದಲೇ ಗರಡಿಮನೆಯ ಮಣ್ಣು ಮೆತ್ತಿಕೊಳ್ಳುತ್ತಿದ್ದ ಹುಡುಗ ನೀನು! ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ನಿನಗೆ ಕೂತು ಉಂಡು ಅಂಗಿಯೇ ಸಾಲದಾಗಿದೆ. ಪೈಲ್ವಾನನ ಊಟ ಇಟ್ಟುಕೊಂಡು ಗುಮಾಸ್ತನ ಕೆಲಸ ಮಾಡಿದರೆ ಇನ್ನೇನಾದೀತು? ಕಚೇರಿಗೆ ಜಟಕಾ ಹತ್ತಬೇಡ, ನಡೆ. ಎರಡು ಮುದ್ದೆ ಉಣ್ಣುವವನು ಒಂದಕ್ಕೆ ನಿಲ್ಲಿಸು. ಎದ್ದ ಕೂಡಲೇ ನಾಲ್ಕು ಬಸ್ಕಿಯಾದರೂ ಹೊಡೆ. ನಿಮ್ಮ ದೊಡ್ಡಪ್ಪನೂ ಹೀಗೇ ಕುರ್ಚಿ ಹಿಡಿದು ಉಬ್ಬಿ, ಕುರ್ಚಿಯಲ್ಲೇ ಕಣ್ಣು ಮುಚ್ಚಿದ.

ಬೈಯಲೆಂದು ಬರೆಯುತ್ತಿಲ್ಲಪ್ಪ. ಹೆತ್ತವಳ ಕಾಲು ಸೋತ ಮೇಲೆ ಶ್ರಾವಣದಲ್ಲಿ ಮಗನೇ ಬೆನ್ನ ಮೇಲೆ ಹೊತ್ತು ಬೆಟ್ಟದ ದೇವರಿಗೆ ಕರೆದೊಯ್ಯಬೇಕು ಎಂಬುದು ನಮ್ಮ ಮನೆಯ ನಡೆ. ಡೋಲಿಯವರನ್ನು ಕರೆಯುವಂತಿಲ್ಲ. ನಮ್ಮವ್ವನನ್ನು ನಾನು ಹೊತ್ತೆ. ಹೋದ ಶ್ರಾವಣ ನೀನು ಹೊತ್ತಾಗ ಅರ್ಧ ಬೆಟ್ಟದಲ್ಲಿ, ಕೋಟೆ ಬಾಗಿಲ ಹತ್ತಿರ, "ಕಾಲು ಜೋಮು ಹಿಡದಾವಪ್ಪ, ಇಳಸು, ಇಲ್ಲಿಂದನ ಕೈ ಮುಗೀತೀನಿ" ಎಂದಳಲ್ಲ, ಅವಳಿಗೆ ಯಾವ ಜೋಮೂ ಹಿಡಿದಿರಲಿಲ್ಲ. ನಿನ್ನ ಎದೆಬಡಿತ ಅವಳ ಕೈಗೆ ತಾಕುತ್ತಿತ್ತಂತೆ. ಕೇರಿಯವರಿಗೆಲ್ಲ ಇವತ್ತಿಗೂ ತನ್ನ ಕಾಲಿನದೇ ತಪ್ಪು ಎಂದು ಹೇಳುತ್ತಾಳೆ. ದೇವರ ಮುಖ ನೋಡದೆ ಇಳಿದು ಬಂದ ಸಂಕಟ ಮಾತ್ರ ಅವಳನ್ನು ಬಿಟ್ಟಿಲ್ಲ. ಈ ಶ್ರಾವಣಕ್ಕೆ ಬರುತ್ತೇನೆಂದು ನೀನು ಬರೆದದ್ದನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದಳು. ನೀನು ಮತ್ತೆ ಅದೇ ಬಾಗಿಲಲ್ಲಿ ಸೋತರೆ ಏನು ಗತಿ ಎಂದು ನನಗೆ ಹೆದರಿಕೆ.

ಮೈ ಹಿಡಿತದಲ್ಲಿಟ್ಟುಕೋ. ಬೆಟ್ಟದ ದೇವರು ನಿನ್ನ ಉಸಿರು ಕಾಯಲಿ.

ನಿನ್ನ ತಂದೆ,
ತಿಪ್ಪಯ್ಯ

ಮತ್ತೆ: ಕಾಗದವನ್ನು ಟಪಾಲಿಗೆ ಹಾಕಲು ಹೊರಟವನು ತಿರುಗಿ ಬಂದು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಬಸಲಿಂಗಮ್ಮ ಬಾಗಿಲಲ್ಲೇ ತಡೆದು ಹೇಳಿದಳು. ನಿಮ್ಮವ್ವನಿಗೆ ಹಸಿವು ಸತ್ತಿಲ್ಲ. ಯುಗಾದಿಯಿಂದ ರಾತ್ರಿಯ ಮುದ್ದೆಯನ್ನು ಸೆರಗಿನಲ್ಲಿ ಮುಚ್ಚಿ ಒಯ್ದು ಬಸಲಿಂಗಮ್ಮನ ಎಮ್ಮೆಯ ಕಲಗಚ್ಚಿಗೆ ಹಾಕುತ್ತಿದ್ದಾಳೆ. "ನನ್ನ ಮಗಂಗ ಕೆಲ್ಸ ಭಾಳ, ಅವ ಯಾವಾಗ ಮೈ ಇಳಸ್ತಾನ? ನಾನೇ ಹಗುರಾಗ್ತೀನಿ" ಎಂದಳಂತೆ. ಒಳಗೆ ಹೋಗಿ ಅವಳನ್ನು ಎತ್ತಿ ನೋಡಿದೆ. ಈ ಮುದುಕನ ಕೈಗೂ ಭಾರವೆನಿಸಲಿಲ್ಲ. ಶ್ರಾವಣಕ್ಕೆ ಕಾಯಬೇಡ, ಬೆಟ್ಟವೂ ಬೇಡ. ಮೊದಲ ಬಸ್ಸಿಗೇ ಬಾ. ನೀನು ತಿನ್ನಿಸಿದರೆ ಉಂಡಾಳು.