ಆಟಿಗೆ ಮೊದಲು ಆಗಬೇಕಾದ ಮದುವೆ

೬ ಜೂನ್ ೧೯೮೮, ಸೋಮವಾರ

ಒಂಬತ್ತನೇ ಬಿ. ಸಂತಾನೋತ್ಪತ್ತಿ ಪಾಠ. ಹೋದ ವರ್ಷದವರೆಗೂ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುತ್ತಿದ್ದೆ. ಈ ಸಲ ದಾಟಿಸಲಿಲ್ಲ. ಬೋರ್ಡಿನಲ್ಲಿ ಚಿತ್ರ ಬಿಡಿಸಿದೆ, ಹೆಸರು ಬರೆದೆ. ಏಡ್ಸ್ ಎಂದೂ ಬರೆದೆ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ. ನಗಲಿ. ನಗು ಮುಗಿದ ಮೇಲೆ ಪೆನ್ನು ಹಿಡಿದರಲ್ಲ, ಅಷ್ಟು ಸಾಕು.

ಎಚ್.ಎಂ. ಬರ್ನಡೆಟ್ ಬಾಗಿಲ ಹೊರಗೆ ಐದು ನಿಮಿಷ ನಿಂತಿದ್ದರು. ಪೇರೆಂಟ್ಸ್ ಗಲಾಟೆ ಮಾಡಿದರೆ ನೀವೇ ಉತ್ತರ ಕೊಡಬೇಕು ಹೇಮಾಕ್ಷಿ ಟೀಚರ್ ಎಂದರು. ಕೊಡುತ್ತೇನೆ. ಹದಿನಾರು ವರ್ಷ ಕಪ್ಪೆ ಕೊಯ್ದವಳಿಗೆ ಪೇರೆಂಟ್ಸ್ ಎಂತ ದೊಡ್ಡದು.

ಮೇಜಿನ ಮೇಲೆ ಖಾಲಿ ಬಿಸ್ಕತ್ತಿನ ಡಬ್ಬಿ ಇಟ್ಟೆ. ಬಾಯಲ್ಲಿ ಕೇಳಲು ನಾಚಿಕೆಯಾದರೆ ಚೀಟಿ ಹಾಕಿ, ಹೆಸರು ಬೇಡ. ಯಾರದೆಂದು ನಾನು ಹುಡುಕುವುದಿಲ್ಲ — ಮಾತು ಕೊಟ್ಟಿದ್ದೇನೆ.

೧೦ ಜೂನ್, ಶುಕ್ರವಾರ

ಹನ್ನೊಂದು ಚೀಟಿ. ಸೊಳ್ಳೆ ಕಚ್ಚಿದರೆ ಏಡ್ಸ್ ಬರುತ್ತದಾ. ಬಸ್ಸಿನಲ್ಲಿ ಮೈಗೆ ಮೈ ತಾಗಿಸುವವನಿಗೆ ಎಂತ ಹೇಳಬೇಕು. ಪ್ರೀತಿ ಅಂದರೆ ಅವನು ಹೇಳಿದ್ದಕ್ಕೆಲ್ಲ ಹ್ಞೂ ಅನ್ನಬೇಕಾ. ಓದುತ್ತ ಖುಷಿಯಾಯಿತು, ಸುಳ್ಳು ಯಾಕೆ.

ಕೊನೆಯ ಚೀಟಿ ಉದ್ದ ಇತ್ತು. ಹಾಗೇ ಇಲ್ಲಿ ಇಳಿಸಿದ್ದೇನೆ.

‘ಅಕ್ಕನನ್ನು ಮದುವೆ ಆಗುವವರಿಗೆ ಆರು ತಿಂಗಳಿಂದ ಜ್ವರ ಬಿಡುವುದಿಲ್ಲ. ತುಂಬ ಸಪೂರ ಆಗಿದ್ದಾರೆ. ಬೊಂಬಾಯಿ ಡಾಕ್ಟರು ರಕ್ತ ನೋಡಿ, ಮದುವೆ ಬೇಡ ಹೇಳಿದರಂತೆ. ಅವರ ತಂಗಿ ನನಗೆ ಗುಟ್ಟಾಗಿ ಹೇಳಿದಳು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಕ್ಕನಿಗೆ ಹೇಳಬಹುದಾ?’

ಒಂಬತ್ತನೇ ಬಿಯಲ್ಲಿ ಅಕ್ಕನ ಮದುವೆ ಇರುವುದು ಒಬ್ಬಳಿಗೇ. ಸ್ನೇಹಲತಾ, ಪಡೀಲಿನಿಂದ ಬರುವವಳು. ಮದುವೆ ಕಾಗದ ಸ್ಟಾಫ್ ರೂಮಿಗೂ ಬಂದಿದೆ — ಅಕ್ಕ ಕುಶಲಾ, ಹುಡುಗ ಚಿತ್ತರಂಜನ, ಬೊಂಬಾಯಿಯಲ್ಲಿ ಎರಡು ಹೋಟೆಲು. ಜುಲೈ ಹತ್ತು. ಹದಿನಾರಕ್ಕೆ ಆಟಿ ತಿಂಗಳು ಹಿಡಿಯುತ್ತದೆ. ಆಮೇಲೆ ಮದುವೆ ಇಲ್ಲ.

ಹುಡುಕಲಿಲ್ಲ. ಆದರೂ ಸಿಕ್ಕಿಬಿಟ್ಟಳು.

೧೨ ಜೂನ್, ಭಾನುವಾರ

ಫಳ್ನೀರಿಗೆ ಹೋಗಿದ್ದೆ, ಡಾ. ಮಟಿಲ್ಡಾ ಹತ್ತಿರ. ಕಾಲೇಜಿನಿಂದ ಪರಿಚಯ. ಹೆಸರು ಹೇಳದೆ ಕೇಳಿದೆ. ಅವಳು ಕನ್ನಡಕ ತೆಗೆದಿಟ್ಟಳು. ಟಿ.ಬಿ. ಇರಬಹುದು. ಅದೂ ಇರಬಹುದು. ಇಲ್ಲಿ ಟೆಸ್ಟ್ ಇಲ್ಲ, ಸ್ಯಾಂಪಲ್ ಹೊರಗೆ ಕಳಿಸಬೇಕು. ಆದರೆ ಡಾಕ್ಟರೇ ಮದುವೆ ಬೇಡ ಎಂದಿದ್ದರೆ ಸುಮ್ಮನೆ ಅಲ್ಲ ಮಾರಾಯ್ತಿ ಎಂದಳು. ಅದೇ ಆಗಿದ್ದರೆ ಔಷಧಿ ಇಲ್ಲ, ಹುಡುಗಿಗೆ ಮೊದಲು ಗೊತ್ತಾಗಬೇಕು.

ಬಿಜೈಯ ಮನೆವರೆಗೂ ನಡೆದೇ ಬಂದೆ. ಕೊಡೆ ಅವಳಲ್ಲೇ ಬಾಕಿ.

೧೩ ಜೂನ್, ಸೋಮವಾರ

ಲ್ಯಾಬಿಗೆ ಕರೆದೆ ಸ್ನೇಹಲತಾಳನ್ನು. ಚೀಟಿ ತೋರಿಸಲಿಲ್ಲ. ಮುಖ ನೋಡಿಯೇ ಅವಳಿಗೆ ತಿಳಿಯಿತು. ಅಳಲಿಲ್ಲ, ಹದಿನಾಲ್ಕು ವರ್ಷದ್ದು. ಇವತ್ತೇ ಅಕ್ಕನಿಗೆ ಹೇಳಿಬಿಡುತ್ತೇನೆ ಎಂದಳು. ನಾನೇ ತಡೆದೆ. “ನೀನು ಹೇಳ್ಬೇಡ. ಮಕ್ಕಳು ಹೇಳಿದ್ರೆ ನಂಬುದಿಲ್ಲ. ನಾನು ದೊಡ್ಡವರ ಹತ್ರ ಮಾತಾಡ್ತೇನೆ.”

ದೊಡ್ಡವರು ಅಂದರೆ ಸೋದರಮಾವ ತಾರಾನಾಥ. ತಂದೆ ತೀರಿಹೋಗಿದ್ದಾರೆ. ಇದ್ದಿದ್ದರೂ ಮಾತು ಮಾವನದೇ. ಅವರ ಮನೆಯಲ್ಲಿ ಹೇಗೋ ನಮ್ಮಲ್ಲೂ ಹಾಗೇ — ಸೋದರಮಾವ ಲೋಕಯ್ಯ ತಲೆ ಆಡಿಸದೆ ನನ್ನ ಟೀಚರ್ ಟ್ರೇನಿಂಗ್ ಅರ್ಜಿ ಕೂಡ ಪೋಸ್ಟ್ ಆಗಲಿಲ್ಲ. ಹಿಡಿಯಬೇಕಾದ ಜಾಗ ಹಿಡಿದರೆ ಕೆಲಸ ಆಗುತ್ತದೆ.

೧೫ ಜೂನ್, ಬುಧವಾರ, ಸಂಜೆ ೬

ಪಡೀಲಿಗೆ ಹೋಗಿ ಬಂದೆ. ತಾರಾನಾಥರದು ಟಿಂಬರ್ ಡಿಪೋ. ಒಳ್ಳೆಯ ಮನುಷ್ಯ. ಎದ್ದು ಕುರ್ಚಿ ಕೊಟ್ಟರು, ಕುಡಿಯಲು ಬೊಂಡ ತರಿಸಿದರು. ಹುಡುಗನ ಜ್ವರ, ಸೊರಗಿದ್ದು, ಫಳ್ನೀರಿನಲ್ಲಿ ಒಮ್ಮೆ ತೋರಿಸಿದರೆ ಹೇಗೆ — ಇಷ್ಟೇ ಹೇಳಿದೆ. ಯಾರು ಹೇಳಿದರೆಂದು ಕೇಳಲಿಲ್ಲ. ಪೂರ್ತಿ ಕೇಳಿಸಿಕೊಂಡು ನಿಧಾನವಾಗಿ ಎಂದರು: “ನೀವು ಸೀದಾ ನನ್ನಲ್ಲಿಗೆ ಬಂದದ್ದು ಒಳ್ಳೆದಾಯ್ತು ಟೀಚರ್. ಬೊಂಬಾಯಿಯಲ್ಲಿ ರಕ್ತ ನೋಡಿದವರು ಸಾವಿರ ಹೇಳ್ತಾರೆ. ನಾನುಂಟಲ್ಲ, ನೋಡಿಕೊಳ್ತೇನೆ. ಇನ್ನು ಯಾರಲ್ಲಿಯೂ ಹೇಳ್ಬೇಡಿ.”

ದೊಡ್ಡ ಭಾರ ಇಳಿಯಿತು. ಕಂಕನಾಡಿಯಲ್ಲಿ ಇಳಿದು ಬಂಗುಡೆ ಮೀನು ತೆಗೆದುಕೊಂಡೆ, ತುಂಬ ದಿನದ ಮೇಲೆ.

ಅದೇ ದಿನ, ೮ ಗಂಟೆ

ಮೀನು ಕೊಯ್ಯುವಾಗ ತಲೆಗೆ ಬಂತು. ರಕ್ತದ ವಿಷಯ ನಾನು ಎತ್ತಿರಲೇ ಇಲ್ಲ.

ಅವರಿಗೆ ಮೊದಲೇ ಗೊತ್ತು.

೨೦ ಜೂನ್, ಸೋಮವಾರ

ಸ್ನೇಹಲತಾ ಬಂದಿಲ್ಲ. ಗುರುವಾರದಿಂದ ಇಲ್ಲ.

ಬಿಸ್ಕತ್ತಿನ ಡಬ್ಬಿಯೂ ಇಲ್ಲ. ಎಚ್.ಎಂ. ತೆಗೆಸಿದರಂತೆ. ಮ್ಯಾನೇಜ್‌ಮೆಂಟಿಗೆ ಯಾರೋ ಫೋನ್ ಮಾಡಿದ್ದಾರೆ — ಮಕ್ಕಳಿಗೆ ಬೇಡದ್ದು ಕಲಿಸಿ ಮನೆಯ ಗುಟ್ಟು ಬರೆಸುತ್ತಾರೆ ಅಂತ. ಆ ಪಾಠ ನಿಲ್ಲಿಸಿ, ಇನ್ನು ಬೆಳಕಿನ ಪ್ರತಿಫಲನ ಎಂದರು. ಜಗಳ ಮಾಡಬೇಕಿತ್ತು. ಚಾಕ್ ತೆಗೆದುಕೊಂಡು ಕ್ಲಾಸಿಗೆ ಹೋದೆ.

೨೨ ಜೂನ್, ಬುಧವಾರ

ಸ್ನೇಹಲತಾಳ ಟಿ.ಸಿ. ತೆಗೆದುಕೊಂಡು ಹೋದರು. ಡಿಪೋದಲ್ಲಿ ಲೆಕ್ಕ ಬರೆಯುವ ರೈಟರ್ ಬಂದಿದ್ದ. ಸ್ಟಾಫ್ ರೂಮಿಗೆ ಎರಡನೇ ಕಾಗದ ಕೊಟ್ಟ. ಅದೇ ಕಾಗದ, ಜುಲೈ ಹತ್ತನ್ನು ಹೊಡೆದುಹಾಕಿ ನೀಲಿ ಪೆನ್ನಿನಲ್ಲಿ ಜೂನ್ ಇಪ್ಪತ್ತಾರು.

ಮದುವೆ ಎರಡು ವಾರ ಮೊದಲೇ ಆಗುವ ಹಾಗೆ ಮಾಡಿದ್ದು ನಾನು. ಬೇರೆ ಯಾರೂ ಅಲ್ಲ.

೨೪ ಜೂನ್, ಶುಕ್ರವಾರ

ಹೋದೆ. ಪಡೀಲಿನ ಮನೆಗೆ, ಹುಡುಗಿಯಲ್ಲೇ ಹೇಳುವುದೆಂದು ಗಟ್ಟಿ ಮಾಡಿಕೊಂಡೇ ಹೋದೆ. ಅಂಗಳದಲ್ಲಿ ಚಪ್ಪರ. ತಾಯಿ ಗುಲಾಬಿ ಮೆಟ್ಟಿಲಲ್ಲೇ ತಡೆದರು. ಕುಶಲಾ ಸ್ನಾನಕ್ಕೆ ಹೋಗಿದ್ದಾಳೆ ಎಂದರು. ಕಾಯುತ್ತೇನೆ ಎಂದೆ. ಕಣ್ಣು ತಗ್ಗಿಸಿ, ಅಣ್ಣ ಬರುವ ಹೊತ್ತಾಯಿತು ಎಂದರು. ಮೇಲಿನ ಕಿಟಕಿಯಲ್ಲಿ ಸ್ನೇಹಲತಾ. ನನ್ನನ್ನು ನೋಡಿದಳು. ಕೈ ಎತ್ತಲಿಲ್ಲ.

ಅಲ್ಲಿ ನಿಂತು ಕೂಗಬಹುದಿತ್ತು. ನೆಂಟರು ಬಾಳೆ ಎಲೆ ಎಣಿಸುತ್ತಿದ್ದರು. ಮರ್ಯಾದೆ ಅಡ್ಡ ಬಂತು — ಯಾರದೆಂದು ಕೇಳಿದರೆ ನನ್ನದೇ. ಬಸ್ಸು ಹತ್ತಿದೆ.

೨೬ ಜೂನ್

ಹೋಗಲಿಲ್ಲ.

೩ ಆಗಸ್ಟ್, ಬುಧವಾರ, ಸಂಜೆ

ಐದು ವಾರ ಏನೂ ಬರೆದಿಲ್ಲ. ಬರೆಯುವುದಕ್ಕೆ ಎಂತ ಇತ್ತು? ಕನ್ನಡಿ, ಮಸೂರ, ನಾಭಿ.

ಇವತ್ತು ಶಾಲೆಯಿಂದ ಬರುವಾಗ ನನ್ನ ಮನೆ ಮೆಟ್ಟಿಲಲ್ಲಿ ಒಬ್ಬಳು ಕೂತಿದ್ದಾಳೆ. ಹೊಸ ಕರಿಮಣಿ. ಕುಶಲಾ. ಹಿಂದೆ ಸ್ನೇಹಲತಾ ತೋರಿಸಿದ ಫೋಟೋದಲ್ಲಿ ನೋಡಿದ್ದು ಬಿಟ್ಟರೆ ಮೊದಲ ಸಲ ಎದುರಿಗೆ. ಹೊಸ ಮದುಮಗಳು ಆಟಿಗೆ ತಾಯಿಮನೆಯಲ್ಲಿ ಕೂರಬೇಕಲ್ಲ, ಹಾಗೆ ಬಂದವಳು. ಗಂಡ ಬೊಂಬಾಯಿ ಆಸ್ಪತ್ರೆಯಲ್ಲಿ. ಅಲ್ಲಿ ನರ್ಸೊಬ್ಬಳು ಎಲ್ಲ ಬಿಡಿಸಿ ಹೇಳಿದಳಂತೆ. ಬೆಳಿಗ್ಗೆ ಫಳ್ನೀರಿನಲ್ಲಿ ರಕ್ತ ಕೊಟ್ಟು ಬಂದಿದ್ದಾಳೆ. ರಿಪೋರ್ಟಿಗೆ ಮೂರು ವಾರ. ಮುಟ್ಟು ಒಂಬತ್ತು ದಿನ ತಡವಾಗಿದೆ — ಅದನ್ನೂ ಹೇಳಿದಳು, ಬಸ್ಸು ತಡವಾಯಿತು ಎಂಬ ಹಾಗೆ.

ಚಹಾ ಮಾಡಿಕೊಟ್ಟೆ. ಈ ಲೋಟ ಮುಟ್ಟಬಹುದಾ ಎಂದು ಕೇಳಿದಳು. ಮುಟ್ಟಬಹುದು, ಅದರಿಂದ ಏನೂ ಆಗುವುದಿಲ್ಲ ಎಂದೆ. ಆದರೂ ಕುಡಿಯಲಿಲ್ಲ. ಚಹಾದಲ್ಲಿ ಕೆನೆ ಕಟ್ಟಿತು.

ಆಮೇಲೆ ಕೇಳಿದಳು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

“ತಂಗಿ ನನಗೆ ಹೇಳ್ಲಿಕ್ಕೆ ಇದ್ದಳಂತೆ. ನೀವು ಬೇಡ ಹೇಳಿದ್ರಂತೆ. ಮಾವನಿಗೆ ಹೇಳಿದ್ರಂತೆ. ಮದುವೆ ನನಗಲ್ಲವಾ ಟೀಚರ್? ನನಗೆ ಯಾಕೆ ಹೇಳ್ಲಿಲ್ಲ?”

ಉತ್ತರಕ್ಕೆ ಕಾದಳು. ಆರೂವರೆವರೆಗೂ ಕಾದಳು. ಕೊನೆಗೆ ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಬಾಯಲ್ಲಿ ಆಗದ್ದನ್ನು ಇಲ್ಲಾದರೂ ಬರೆಯಬೇಕು. ಕುಶಲಾ, ನಾನು ನಿನಗೆ ಹೇಳದೆ ಇದ್ದದ್ದು ಯಾಕೆಂದರೆ