ಸೀರೆ ಗಾರ್ಡ್ ಹಾಕಿಸಿ

ರೀ,

ನೀವು ಫೋನು ಮರೆತು ಹೊಲಕ್ಕೆ ಹೋಗಿದ್ದೀರಿ, ಅದಕ್ಕೇ ಈ ಚೀಟಿ. ನಾನು ಭೇರ್ಯಕ್ಕೆ, ಅವ್ವನ ಮನೆಗೆ ಹೊರಟೆ. ಸಾರು ಒಲೆ ಮೇಲಿದೆ, ಮುದ್ದೆ ನೀವೇ ತಿರುವಿಕೊಳ್ಳಿ. ಎಮ್ಮೆಗೆ ಹಿಂಡಿ ನೆನೆಹಾಕಿದ್ದೇನೆ, ಮರೆಯದೆ ಇಡಿ.

ಹಾಲಿನ ಕ್ಯಾನೂ ಹೊರಬೇಕು, ಹೊಗೆಸೊಪ್ಪಿನ ಹೊಲಕ್ಕೂ ಇಳಿಯಬೇಕು, ನಮ್ಮ ಕೈಗೂ ಎಟುಕಬೇಕು, ಓಡಿಸಿದರೆ ಮಜಾನೂ ಬರಬೇಕು ಅಂತ ವರ್ಷವಿಡೀ ಬೈಕ್ ಹುಡುಕಿದಿರಿ. ನನ್ನನ್ನು ನೋಡಲು ಬಂದಾಗ ಮಾತ್ರ ಕಾಫಿ ಆರುವ ಮೊದಲೇ ಒಪ್ಪಿಬಿಟ್ಟಿರಿ! ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೊಂದು ದಿನ ಬೈಲಕುಪ್ಪೆ ತೋರಿಸಲಿಲ್ಲ. ಆ ಬೈಕನ್ನು ಕಂಡ ದಿನವೇ ಟೆಸ್ಟ್ ರೈಡ್ ಅಂತ ಅಲ್ಲಿಗೇ ಸುತ್ತಾಡಿಸಿಕೊಂಡು ಬಂದಿರಿ. ಬಂದವರೇ ನಿಮ್ಮ ಗೆಳೆಯ ನಟರಾಜುಗೆ ಫೋನ್ ಮಾಡಿ, "ಏನ್ ಲುಕ್ಕು ಕಣ್ಲಾ, ಕಣ್ ಕೀಳಕ್ಕೇ ಆಯ್ತಿಲ್ಲ" ಅಂದದ್ದೂ ಅಡುಗೆಮನೆಗೆ ಕೇಳಿಸಿತು.

ಈಗ ಹುಣಸೂರಿನ ಶೋರೂಮಿನವರು ನಿಮ್ಮ ಫೋನಿಗೆ ಕರೆ ಮಾಡಿದ್ದರು. ಗಾಡಿ ಸಂಜೆಗೆ ರೆಡಿಯಂತೆ. "ಸೀರೆ ಗಾರ್ಡ್ ಬ್ಯಾಡ, ಗಾಡಿ ಚಂದ ಕೆಡ್ತದೆ" ಅಂದಿದ್ದೀರಂತೆ. ಹಿಂದೆ ಕೂರುವವಳ ಸೆರಗು ಚಕ್ರಕ್ಕೆ ಸಿಕ್ಕಿದರೆ ಪರವಾಗಿಲ್ಲವೇ?

ಗಾರ್ಡ್ ಹಾಕಿಸಿಕೊಂಡೇ ನನ್ನನ್ನು ಕರೆಯಲು ಭೇರ್ಯಕ್ಕೆ ಬನ್ನಿ.

ಅದರ ಚಂದ ಕೆಡುತ್ತದೆ, ನನಗೂ ಗೊತ್ತು. ಕೆಡಲಿ ಅಂತಲೇ ಹೇಳುತ್ತಿರುವುದು.