ದೋಣಿಯವಳು ಬದುಕಿದ ಪುಸ್ತಕ

ಸೋಮವಾರ, ಬೆಳಗ್ಗೆ

ಮತ್ತೆ ಅದೇ ಕೆಟ್ಟ ಕನಸು. ದೋಣಿ ಮಗುಚಿತ್ತು. ಸುತ್ತ ಮಂಜೋ ಮಂಜು. ದೋಣಿಯವಳನ್ನ ಕೂಗೋಣ ಅಂದ್ರೆ ಬಾಯಿ ಹೊಲಿದ ಹಾಗೆ. ಎದ್ದಾಗ ದಿಂಬೆಲ್ಲ ಒದ್ದೆ. ಟೀವಿಯ ಹೆಂಗಸಿಗಾಗಿ ಯಾರಾದ್ರೂ ಬೆವರ್ತಾರಾ? ನಾನು ಬೆವರ್ತೀನಿ.

ಎಲ್ಲಾ ಆ ಧಾರಾವಾಹಿಯಿಂದ — 'ಮಂಜಿನ ಕಡವು'. ದಪ್ಪ ದಪ್ಪ ಐದು ಪುಸ್ತಕ ಇದ್ದದ್ದು, ಈಗ ಶುಕ್ರವಾರ ಸಂಜೆಗೊಂದು ಕಂತು. ಎದೆ ಕಾಯಿಲೆ ಬಂದು ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಮಲಗಿದ್ದೆನಲ್ಲ, ಆಗ ಅಕ್ಕ ಲೈಬ್ರರಿಯಿಂದ ತಂದು ಐದನ್ನೂ ಓದಿ ಹೇಳಿದ್ದಳು. ನಾನು ಓದಿದ್ದಲ್ಲ, ಕೇಳಿದ್ದು. ಆಮೇಲೂ ಅಷ್ಟು ದಪ್ಪದ್ದನ್ನ ಮುಟ್ಟೋ ಧೈರ್ಯ ಬರಲಿಲ್ಲ.

ಮಧ್ಯಾಹ್ನ, ಅಂಗಡಿ

ಹೊಲಿಗೆ ಕಮ್ಮಿ, ವಾದ ಜಾಸ್ತಿ. ಪಕ್ಕದ ಔಷಧಿ ಅಂಗಡಿಯವರು ಪ್ಯಾಂಟಿನ ಉದ್ದ ಕಮ್ಮಿ ಮಾಡಿಸೋಕೆ ಬಂದವರು ಹೋಗಲೇ ಇಲ್ಲ. ಅವರು ಐದೂ ಓದಿದೋರು. ನಮ್ಮ ಕಟಿಂಗ್ ಮಾಸ್ಟರು ಒಂದೂ ಓದಿಲ್ಲ, ವಾದಕ್ಕೆ ಮಾತ್ರ ಮುಂದು.

"ಪುಸ್ತಕದಲ್ಲಿ ರಾಜನ ಕುದುರೆಗೆ ಮೂರು ಕಣ್ಣು ಕಣ್ರೀ. ಇಲ್ಲಿ ಎರಡೇ!"

"ಮೂರನೇದಕ್ಕೆ ಬಜೆಟ್ ಸಾಲಲಿಲ್ಲ ಬಿಡಿ ಸಾರ್."

"ಇಬ್ಬರು ತಮ್ಮಂದಿರನ್ನ ಸೇರಿಸಿ ಒಬ್ಬನನ್ನ ಮಾಡಿದ್ದಾರೆ!"

"ಬಟ್ಟೆ ಸಾಲದಿದ್ರೆ ನಾನೂ ಎರಡು ಜೇಬಿನ ಕಡೆ ಒಂದೇ ಇಡ್ತೀನಿ. ನೀವು ಯಾವತ್ತಾದ್ರೂ ಕೇಳಿದ್ರಾ?"

ಔಷಧಿಯವರು ಪಟ್ಟಂತ ತಮ್ಮ ಜೇಬು ಮುಟ್ಟಿ ನೋಡಿಕೊಂಡ್ರು. ಶರ್ಟಿನ ಗುಂಡಿಗೆ ಕಾಜಾ ಹೊಲೀತಿದ್ದ ನಾನು ಸುಮ್ಮನಿರಬಾರದಾ... ಏನು ಬೇಕಾದ್ರೂ ಬದಲಾಯಿಸ್ಲಿ, ದೋಣಿಯವಳನ್ನ ಮುಟ್ಟದಿದ್ರೆ ಸಾಕು ಅಂದೆ.

"ಅವಳು ಈ ಶುಕ್ರವಾರ ಸಾಯ್ತಾಳಲ್ಲ," ಅಂದ್ರು ಔಷಧಿಯವರು. "ಎದೆ ಜ್ವರ. ಎರಡನೇ ಪುಸ್ತಕದ ಕೊನೆ. ಅದೊಂದನ್ನ ಇದ್ದ ಹಾಗೇ ಇಟ್ಟಿದ್ದಾರಂತೆ."

"ಸಾಯಲ್ಲ! ನಾಲ್ಕನೇದರಲ್ಲಿ ಮಂಜಿನ ಮಗುವನ್ನ ದಾಟಿಸೋದು ಯಾರು ಮತ್ತೆ?"

"ಮಗು ತಾನೇ ಈಜಿಕೊಂಡು ಹೋಗುತ್ತಲ್ಲಮ್ಮ. ನೀವು ಯಾವ ಪುಸ್ತಕ ಓದಿದ್ರಿ?"

"ನಮ್ಮ ಗಾಬರಿ ಹೇಳಿದ್ಮೇಲೆ ಮುಗೀತು ಸಾರ್," ಅಂದ್ರು ಮಾಸ್ಟರು. ನನ್ನನ್ನ ಅವರು ಕರೆಯೋದೇ ಹಾಗೆ.

ಕಾಜಾ ಸೊಟ್ಟಗಾಯ್ತು. ಬಿಚ್ಚಿ ಮತ್ತೆ ಹೊಲಿದೆ.

ಮಂಗಳವಾರ

ಔಷಧಿಯವರು ಆ ಎರಡನೇ ಪುಸ್ತಕ ತಂದುಕೊಟ್ರು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದೆ. ಒಂದು ಸಲ. ಇನ್ನೊಂದು ಸಲ.

ಸತ್ತಿದ್ದಾಳೆ. ಅರ್ಧ ಪುಟದಲ್ಲಿ. ಕೆಮ್ಮಿ ಕೆಮ್ಮಿ... ದೋಣಿ ಖಾಲಿ ತೇಲಿಹೋಗುತ್ತೆ. ಆಮೇಲಿನ ಮೂರು ಪುಸ್ತಕದಲ್ಲಿ ಅವಳ ಹೆಸರೇ ಬರಲ್ಲ ಅಂದ್ರು.

ಬೇರೆ ಮುದ್ರಣ ಇರಬಹುದಾ?

ಗುರುವಾರ

ನಿನ್ನೆ ಬರೆಯೋಕಾಗಲಿಲ್ಲ.

ಬೇರೆ ಮುದ್ರಣ ಅಲ್ಲ. ಅಕ್ಕ.

ಈಗ ನೆನಪಾಗ್ತಿದೆ. ನನಗೆ ಕಾಯಿಲೆ ಜಾಸ್ತಿಯಾಗಿತ್ತು, ಮನೆಯೆಲ್ಲ ಪಿಸಪಿಸ ಮಾತು. ಅಕ್ಕ ಓದ್ತಾ ಓದ್ತಾ ನಿಲ್ಲಿಸಿದಳು. ನೀರು ಕುಡಿದಳು. ಪುಟ ತಿರುವಿದಳು. "ಬೆಳಗಾಗುವಷ್ಟರಲ್ಲಿ ಅವಳ ಜ್ವರ ಬಿಟ್ಟಿತ್ತು," ಅಂತ ಮುಂದಕ್ಕೆ ಓದಿದಳು. ದನಿ ಚೂರೂ ಅಲ್ಲಾಡಲಿಲ್ಲ.

ಆಗಿನ್ನೂ ಹೈಸ್ಕೂಲ್ ಹುಡುಗಿ ಅವಳು!

ಒಂದು ಸುಳ್ಳಾದ್ರೆ ಯಾರು ಬೇಕಾದ್ರೂ ಹೇಳ್ತಾರೆ. ಇವಳು ಸತ್ತವಳನ್ನ ಬದುಕಿಸಿದ ಮೇಲೆ ಇನ್ನೂ ಮೂರು ಪುಸ್ತಕ ಸಾಕಬೇಕಾಯ್ತಲ್ಲ. ರಾಣಿ ಹೊಳೆ ದಾಟೋಕೆ ಕಡವಿಗೆ ಬಂದ್ರೆ ದೋಣಿಯವಳಿಗೆ ಮಾತು ಬೇಕು. ಯುದ್ಧ ಆದ್ರೆ ಅವಳಿಗೊಂದು ಜಾಗ ಬೇಕು. ಅಲ್ಲಿರೋದನ್ನ ಓದ್ತಾ, ಇಲ್ಲದ್ದನ್ನ ನಡುನಡುವೆ ಸೇರಿಸ್ತಾ, ಸರಿಯಾದ ಹೊತ್ತಿಗೆ ಪುಟ ತಿರುವ್ತಾ... ಎಲ್ಲೂ ಹೊಲಿಗೆ ಕಾಣಲಿಲ್ಲ. ಇಷ್ಟು ವರ್ಷ ಹೊಲಿಗೆಯಲ್ಲೇ ಇರೋ ನನಗೂ ಕಾಣಲಿಲ್ಲ.

ಮಂಜಿನ ಮಗು ದಡದಲ್ಲಿ ನಿಂತು ಅಳುವಾಗ ದೋಣಿಯವಳು ಹೇಳ್ತಾಳೆ — "ಹೆದರಿಕೊಂಡೇ ಹತ್ತು, ಪರವಾಗಿಲ್ಲ. ದೋಣಿಗೆ ಗೊತ್ತಾಗಲ್ಲ." ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಅದನ್ನೇ ಹೇಳಿಕೊಂಡೆ. ಮದುವೆ ದಿನ ಹೇಳಿಕೊಂಡೆ. ಅಂಗಡಿಗೆ ಮೊದಲ ದಿನ ಹೋದಾಗಲೂ. ಎಷ್ಟು ದೊಡ್ಡ ಮನುಷ್ಯರು ಬರೆದಿದ್ದಪ್ಪಾ ಅಂದುಕೊಂಡಿದ್ದೆ. ನಮ್ಮಕ್ಕ. ಬಸ್ ಸ್ಟ್ಯಾಂಡ್ ಕೌಂಟರಿನಲ್ಲಿ ಕೂತು "ಎಲ್ಲಿಗೆ? ಎಷ್ಟು ಜನ?" ಬಿಟ್ಟು ಮೂರನೇ ಮಾತಾಡದ ನಮ್ಮಕ್ಕ.

ನಾಳೆ ಶುಕ್ರವಾರ. ಅಕ್ಕ ಧಾರಾವಾಹಿ ನೋಡೋಕೆ ಬರ್ತಾಳೆ. ದೋಣಿಯವಳು ಸಾಯ್ತಾಳೆ, ನನ್ನ ಮುಂದೆ, ಅವಳ ಮುಂದೆ. ಸಿಕ್ಕಿಬಿದ್ದೆ ಅಂತ ಅಕ್ಕ ಮುಖ ಸಣ್ಣ ಮಾಡಿಕೊಂಡ್ರೆ? ಇನ್ನು ಬರೋದೇ ಬಿಟ್ಟುಬಿಟ್ರೆ? ಕರೆಂಟ್ ಹೋಗಿಬಿಡಲಿ ದೇವರೇ.

ಶುಕ್ರವಾರ, ಸಂಜೆ

ಕರೆಂಟ್ ಹೋಗಲಿಲ್ಲ.

ದೋಣಿಯವಳು ಕೆಮ್ಮೋಕೆ ಶುರು ಮಾಡಿದ್ದೇ ತಡ, ಅಕ್ಕ ಎದ್ದಳು. "ಗ್ಯಾಸ್ ಆರಿಸಿದ್ದೀಯಾ?"

"ಆರಿಸಿದ್ದೀನಿ. ಕೂತ್ಕೋ."

ಕೂತಳು. ನನ್ನನ್ನ ನೋಡಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡು. ದೋಣಿ ಖಾಲಿಯಾಗಿ ಮಂಜಿನೊಳಗೆ ಹೋಯ್ತು. ಜಾಹೀರಾತು ಬಂತು. ಇಬ್ಬರೂ ಸೋಪಿನ ಜಾಹೀರಾತನ್ನ ಕಣ್ಣು ಮಿಟುಕಿಸದೆ ನೋಡಿದೆವು.

ಆಮೇಲೆ ಅಕ್ಕ, ಕೌಂಟರಿನ ದನಿಯಲ್ಲಿ:

"ಈ ಟೀವಿಯವರು ಕಥೆ ಕೆಡಿಸ್ತಾರೆ. ಪುಸ್ತಕದಲ್ಲಿ ಹೀಗಿಲ್ಲ."

ಔಷಧಿಯವರ ಪುಸ್ತಕ ಅವಳ ಬೆನ್ನ ಹಿಂದೆ, ದಿಂಬಿನ ಕೆಳಗೇ ಇತ್ತು.

"ಹೂಂ ಅಕ್ಕ," ಅಂದೆ. "ಪುಸ್ತಕದಲ್ಲಿ ಬದುಕ್ತಾಳೆ."

ಆಗ ತಿರುಗಿ ನೋಡಿದಳು. ಒಂದು ಗಳಿಗೆ. ಗೊತ್ತಾಯ್ತು ಅವಳಿಗೆ. ನನಗೆ ಗೊತ್ತಾಗಿದೆ ಅಂತ ಗೊತ್ತಾಯ್ತು. ನಾನು ಚಿಕ್ಕವಳಿದ್ದಾಗ ನೋಡ್ತಿದ್ದ ಹಾಗೆ ನನ್ನ ಹಣೆ ಮುಟ್ಟಿ ನೋಡಿದಳು, ಬಿಸಿ ಇದೆಯಾ ಅಂತ.

ಮಂಗಳವಾರ

ಔಷಧಿಯವರಿಗೆ ಪುಸ್ತಕ ವಾಪಸ್ ಕೊಟ್ಟೆ. ನೀವೇ ಸರಿ ಅಂದೆ. ಅವರು ಗೆದ್ದೆ ಅಂತ ಹೊರಟುಹೋಗ್ತಾರೆ ಅಂದುಕೊಂಡ್ರೆ ಸ್ಟೂಲ್ ಎಳಕೊಂಡು ಕೂತೇಬಿಟ್ರು. "ಅದಿರಲಿ, ನಿಮ್ಮ ಪುಸ್ತಕದಲ್ಲಿ ಆಮೇಲೇನಾಗುತ್ತೆ ಹೇಳಿ ಅಮ್ಮ." ಮಾಸ್ಟರು ಕತ್ತರಿ ಕೆಳಗಿಟ್ರು. ನಾನು... ಹೇಳಿದೆ! ನಾನು, ಇಬ್ಬರ ಮುಂದೆ. ಹೆದರಿಕೊಂಡೇ.

ಮಗುವನ್ನ ದಾಟಿಸೋ ಜಾಗಕ್ಕೆ ಬಂದು ತಡವರಿಸಿದೆ. ಅವಳ ಲಾಟೀನು ದೋಣಿಯ ಮುಂದಿತ್ತಾ, ಹಿಂದಿತ್ತಾ? ಮುಂದಿದ್ರೆ ಹಿಂದೆ ಕೂತು ಹುಟ್ಟು ಹಾಕೋ ಅವಳ ಮುಖ ಮಗುವಿಗೆ ಕಾಣಲ್ಲ. ತಪ್ಪು ಹೇಳಿಬಿಟ್ರೆ? ನಾಳೆ ಹೇಳ್ತೀನಿ ಅಂತ ಎದ್ದು ಮನೆಗೆ ಬಂದೆ.

ಬಾಗಿಲು ಸದ್ದು. ಅಕ್ಕನೇ. ಕೇಳೇಬಿಡ್ತೀನಿ — ಅಕ್ಕಾ, ನಾಲ್ಕನೇ ಪುಸ್ತಕದಲ್ಲಿ ಆ ಲಾಟೀನು ಎಲ್ಲಿತ್ತು, ಇನ್ನೊಂದ್ಸಲ ನೋಡಿ ಹೇಳು ಅಂತ.